ಎಂಟನೆಯ ಜಿಗಿತ

ಹಿರಿಯೂರಿನ ಪೇಟೆ ಬೀದಿಯಲ್ಲಿ ನನ್ನದೊಂದು ಶೇಂಗಾ ಅಂಗಡಿ. ಅದರ ಮೇಲೊಂದು ಮಹಡಿ. ಮೂಟೆ ಪೇರಿಸಲೆಂದು ಅಪ್ಪ ಕಟ್ಟಿಸಿದ್ದು. ಮರದ ತೊಲೆ, ಮೇಲೆ ಹಲಗೆ ಹಾಸು. ಬಹಳ ವರ್ಷ ಅದು ಇಲಿಗಳ ಪಾಲಾಗಿತ್ತು. ನಾಲ್ಕು ವರ್ಷದ ಹಿಂದೆ ಸುಚಿತ್ರಾ ಮೇಡಂ ಬಂದು ಬಾಡಿಗೆಗೆ ಕೇಳಿದರು. ಅವರ ಯಜಮಾನರು ಮಾರಿಕಣಿವೆ ಡ್ಯಾಮಿನಲ್ಲಿ ಇಂಜಿನಿಯರ್. ಬ್ಯಾಲೆ ಡ್ಯಾನ್ಸ್ ಕ್ಲಾಸು ಮಾಡುತ್ತೇನೆ ಅಂದರು.

"ಕಲ್ಯಾಣ ಮಂಟಪ ಐತಲ್ರೀ, ಟೈಲ್ಸ್ ಹಾಕವ್ರೆ" ಅಂದೆ.

"ಟೈಲ್ಸ್ ಮೇಲೆ ಜಿಗಿದರೆ ಮಕ್ಕಳ ಮಂಡಿ ಹೋಗುತ್ತೆ, ಮುರುಗಪ್ಪೋರೆ. ನನಗೆ ಹಲಗೇನೇ ಬೇಕು."

ನನ್ನ ಹಳೇ ಹಲಗೆಯನ್ನು ಹೊಗಳಿದವರು ಅವರೊಬ್ಬರೇ. ಉಬ್ಬಿಹೋಗಿ ಬೀಗದಕೈ ಕೊಟ್ಟುಬಿಟ್ಟೆ. ಕೊಟ್ಟು ಕೆಟ್ಟೆ ಅಂತ ವಾರದೊಳಗೇ ಗೊತ್ತಾಯಿತು.

ಅಂಗಡಿಯ ನಡುತೊಲೆಗೆ ಅಪ್ಪನ ತಕ್ಕಡಿ ತೂಗುಹಾಕಿದ್ದೇನೆ. ಈಗ ವ್ಯಾಪಾರವೆಲ್ಲ ಕರೆಂಟಿನ ತೂಕದ ಯಂತ್ರದಲ್ಲೇ. ಆದರೂ ಬೆಳಿಗ್ಗೆ ವಿಭೂತಿ ಹಚ್ಚಿ ಕೈಮುಗಿಯುವುದು ಆ ತಕ್ಕಡಿಗೇ. ಮೇಲೆ ಹುಡುಗಿಯರು ಜಿಗಿದಾಗೆಲ್ಲ ಅದರ ತಟ್ಟೆಗಳು ಗಡಗಡ ಅನ್ನುತ್ತಿದ್ದವು, ನನ್ನ ಬೋಳು ತಲೆ ಮೇಲೆ ಧೂಳು ಉದುರುತ್ತಿತ್ತು. ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಬಿದಿರು ಕೋಲು ತಗೊಂಡು ಹಲಗೆಗೆ ಕುಟ್ಟುತ್ತಿದ್ದೆ.

ಒಂದು ದಿನ ಮೇಡಂ ಕೆಳಗಿಳಿದು ಬಂದು ವಿವರಿಸಿದರು. ಬ್ಯಾಲೆಯಲ್ಲೂ ನಾನಾ ಶೈಲಿಗಳಿವೆಯಂತೆ. ಇವರದು ಬೂರ್ನೊನ್‌ವಿಲ್ ಶೈಲಿ, ಡೆನ್ಮಾರ್ಕ್ ದೇಶದ್ದು; ಆ ದೇಶದ ಹೆಂಗಸೊಬ್ಬರಿಂದಲೇ ಬೆಂಗಳೂರಿನಲ್ಲಿ ಕಲಿತರಂತೆ. ಕಾಲು ಎಷ್ಟೇ ದುಡಿದರೂ ಕೈ ಕೆಳಗೇ ಇರಬೇಕು, ಮುಖ ಪಕ್ಕದ ಮನೆಯವರ ಜೊತೆ ಮಾತಾಡುತ್ತಿರುವ ಹಾಗಿರಬೇಕು. ಎತ್ತರಕ್ಕೆ ಜಿಗಿಯಬೇಕು, ಆದರೆ ಕಷ್ಟಪಟ್ಟಿದ್ದು ಯಾರಿಗೂ ಕಾಣಬಾರದು, ಇಳಿದದ್ದು ಯಾರಿಗೂ ಕೇಳಬಾರದು.

"ಕೇಳಬಾರದಾ? ಹಂಗಾರೆ ನಂಗೆ ದಿನಾ ಕೇಳ್ತಿರಾದು ಏನು?"

"ಅದು ಅವರಿನ್ನೂ ಕಲೀತಿರೋದು" ಅಂತ ನಕ್ಕರು. ನಾನು ನಗಲಿಲ್ಲ.

ಆದರೆ ವರ್ಷಗಳು ಕಳೆದ ಹಾಗೆ ಸದ್ದು ನಿಜವಾಗಿಯೂ ಇಳಿಯಿತು. ಯಾವ ಹುಡುಗಿ ಜಿಗಿದಳು ಅಂತ ಕೂತಲ್ಲೇ ಹೇಳುವಷ್ಟು ನನ್ನ ಕಿವಿ ಪಳಗಿತು. ಅವರಲ್ಲೆಲ್ಲ ಎತ್ತರಕ್ಕೆ ಜಿಗಿಯುವವಳು ಬಿಂದು. ಧರ್ಮಪುರದವಳು, ಇಲ್ಲೇ ಬಿ.ಕಾಂ. ಎರಡನೇ ವರ್ಷ. ಕಾಲೇಜು ಮುಗಿಸಿ ನೇರ ಕ್ಲಾಸಿಗೆ ಬಂದು, ಸಂಜೆ ಬಸ್ಸಿಗೆ ಓಡುತ್ತಿದ್ದಳು. ಹೋದ ವರ್ಷ ಬ್ಯಾಲೆಯ ದೊಡ್ಡ ಪರೀಕ್ಷೆಗೆ ಕೂತಳು. ಬೆಂಗಳೂರಿಂದ ಬಂದ ಪರೀಕ್ಷಕರು, ಇಳಿಯುವಾಗ ಹೆಜ್ಜೆ ಭಾರ ಅಂತ ಬರೆದು ಫೇಲು ಮಾಡಿದರು. ಹುಡುಗಿ ನನ್ನ ಅಂಗಡಿಯ ಮೂಟೆ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಒಂದು ಬೊಗಸೆ ಶೇಂಗಾ ಕೊಟ್ಟೆ. ನನ್ನ ಹತ್ತಿರ ಇನ್ನೇನಿದೆ?

ಪಾಸಾದರೆ ಚಿಕ್ಕ ಮಕ್ಕಳ ಸಂಜೆ ಕ್ಲಾಸು ನಿನ್ನದೇ ಅಂತ ಮೇಡಂ ಮಾತು ಕೊಟ್ಟಿದ್ದರು. ಬಿಂದುಗೆ ಅದೇ ಆಸೆ. "ಈ ಸಲನೂ ಹೋದ್ರೆ ಬಿಟ್ಬಿಡ್ತೀನಿ ತಾತ" ಅಂದಳು. ನನಗೆ ರೇಗಿಹೋಯಿತು. ಬಿಡುವ ಮಾತು ನನ್ನ ಅಂಗಡಿಯಲ್ಲಿ ಆಡಬೇಡ ಅಂತ ಬೈದು ಕಳಿಸಿದೆ.

ಮೇಡಂ ಅವಳ ಎಡಗಾಲು ಸೋತಿದೆ ಅಂತ ತೀರ್ಮಾನಿಸಿದರು. ಎರಡು ತಿಂಗಳು ಆ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಸಿ ಎಳೆಸಿದ್ದೇ ಎಳೆಸಿದ್ದು. ಸದ್ದು ಮಾತ್ರ ಹೋಗಲಿಲ್ಲ. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ, ತಕ್ಕಡಿಯ ಮುಳ್ಳು ನೋಡುತ್ತಾ, ಮೇಲಿನ ಸಂಗೀತದ ತಾಳ ಹಿಡಿದು ಬಿಂದುವಿನ ಜಿಗಿತ ಎಣಿಸಿದೆ. ಒಂದು ಬಲಗಾಲು, ಒಂದು ಎಡಗಾಲು, ಹೀಗೆ ಎಂಟು ಜಿಗಿತ. ಏಳರ ತನಕ ಮುಳ್ಳು ನಿದ್ದೆಯಲ್ಲಿದ್ದ ಹಾಗಿತ್ತು. ಎಂಟಕ್ಕೆ ಧಡ್! ಮತ್ತೆ ಏಳು ಸುಮ್ಮನೆ, ಎಂಟಕ್ಕೆ ಧಡ್. ಮೆಟ್ಟಿಲ ಬುಡಕ್ಕೆ ಹೋಗಿ ಮೇಡಂನ ಕರೆದೆ.

"ಎಡಗಾಲಿಂದು ತಪ್ಪಲ್ಲ ಮೇಡಂ."

ಅವರ ಮುಖ ಕೆಂಪಾಯಿತು. "ನಾನು ಹದಿನೆಂಟು ವರ್ಷ ಕಲಿತಿದ್ದೀನಿ ಮುರುಗಪ್ಪೋರೆ."

"ನಾನು ನಲವತ್ತು ವರ್ಷ ತೂಗಿದೀನಿ. ಬರ್ರಿ, ಕುಂತ್ಕಳ್ರಿ."

ಮೂಟೆ ಮೇಲೆ ಕೂತರು. ಮೇಲೆ ಬಿಂದು ಜಿಗಿಯುತ್ತಿದ್ದಳು. ಎರಡು, ನಾಲ್ಕು, ಆರು, ಎಲ್ಲವೂ ಎಡಗಾಲೇ, ಮುಳ್ಳು ಮಿಸುಕಲಿಲ್ಲ. ಎಂಟಕ್ಕೆ ಕುಪ್ಪಳಿಸಿತು. ಮೇಡಂ ಮೂರು ಸುತ್ತು ಬೆರಳು ಮಡಚಿ ಎಣಿಸಿ ಹಣೆ ಹಣೆ ಚಚ್ಚಿಕೊಂಡರು.

"ಸ್ಕೂಲಲ್ಲಿ ಭರತನಾಟ್ಯ ಮಾಡ್ತಿದ್ದಳಲ್ಲ! ಅಲ್ಲಿ ಕೊನೇ ಹೆಜ್ಜೆ ಗಟ್ಟಿಯಾಗಿ ತಟ್ಟಿ ಮುಗಿಸಬೇಕು, ಆಗಲೇ ಚಪ್ಪಾಳೆ. ಅದಿನ್ನೂ ಕಾಲಲ್ಲೇ ಇದೆ. ನಾನು ಸುಮ್ಮನೆ ಆ ಕಾಲನ್ನ ಗೋಳು ಹೊಯ್ಕೊಂಡೆ."

ತಪ್ಪು ಸಿಕ್ಕಿತು, ಹೋಗಲಿಲ್ಲ. ತಟ್ಟಬೇಡ ಅಂದಷ್ಟೂ ಹುಡುಗಿ ಎಂಟು ಬಂತೆಂದರೆ ಸೆಟೆದುಕೊಳ್ಳುತ್ತಿದ್ದಳು. ಸದ್ದು ಇನ್ನೂ ಜಾಸ್ತಿಯಾಯಿತು. ಒಂದು ಶನಿವಾರ ತಡೆಯಲಾರದೆ ಅವಳನ್ನು ಕೆಳಗೆ ಕರೆದೆ. ತಕ್ಕಡಿಯ ಒಂದು ತಟ್ಟೆಗೆ ಕೆಜಿ ತೂಕದ ಬಟ್ಟು ಇಟ್ಟು, ಶೇಂಗಾ ತೂಗು ಅಂದೆ. ಸುರಿದಳು, ಕೊನೆಯ ಹಿಡಿಯನ್ನೂ ದೊಪ್ಪನೆ ಹಾಕಿದಳು. ತಟ್ಟೆ ಧಡಕ್ಕನೆ ಕೆಳಗೆ ಕೂತಿತು.

"ಏನವ್ವಾ, ತಕ್ಕಡಿಗೆ ಹೊಡಿಯಾಕೆ ಬಂದಿದ್ದೀಯಾ? ಮೊದ್ಲು ಹೆಂಗಾರ ಸುರಿ. ಕೊನೇ ಹಿಡಿ ಮಾತ್ರ ಬೆರಳ ಸಂದೀಲಿ ಜಾರಬೇಕು. ಬಿತ್ತು ಅಂತ ತಕ್ಕಡಿಗೇ ಗೊತ್ತಾಗಬಾರ್ದು."

ಹನ್ನೊಂದು ಸಲ ತೂಗಿದಳು, ಹನ್ನೊಂದು ಸಲವೂ ಬೈದೆ. ಹನ್ನೆರಡನೇ ಸಲ ಮುಳ್ಳು ನಡುಗದೆ ನೆಟ್ಟಗೆ ನಿಂತಿತು. ತನ್ನ ಕೈಯನ್ನೇ ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ಮೆಟ್ಟಿಲು ಹತ್ತಿ ಓಡಿದಳು.

ಅವತ್ತೇ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ನಾಲ್ಕು ಸುತ್ತಿಗೊಮ್ಮೆ ಧಡ್ ಅನ್ನುತ್ತಿತ್ತು, ಆಮೇಲೆ ಹತ್ತು ಸುತ್ತಿಗೊಮ್ಮೆ. ಅಷ್ಟರಲ್ಲಿ ಪರೀಕ್ಷೆ ಬಂದೇಬಿಟ್ಟಿತು.

ಪರೀಕ್ಷಕರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ನನ್ನ ಮುಂದೆಯೇ ಮೇಲೆ ಹೋದರು. ನಾನು ಶಟರ್ ಅರ್ಧ ಎಳೆದೆ. ಮಾಡದಕೆರೆಯ ಬೋರಪ್ಪ ಬಿತ್ತನೆ ಬೀಜ ಕೇಳಿಕೊಂಡು ಬಂದಿದ್ದ; ಬಾಯಿ ಬಿಡಬೇಡ ಅಂತ ಮೂಲೆಯಲ್ಲಿ ಕೂರಿಸಿದೆ. ಮೇಲೆ ಸಂಗೀತ ಶುರುವಾಯಿತು. ಮುಳ್ಳಿನ ಮೇಲೆ ಕಣ್ಣಿಟ್ಟೆ.

ಅದು ಅಲ್ಲಾಡಲಿಲ್ಲ. ಎಂಟು ಬಂದು ಹೋಗುವಷ್ಟು ಹೊತ್ತಾಯಿತು, ಹದಿನಾರೂ ಆಯಿತು. ಸಂಗೀತ ನಡೆದೇ ಇತ್ತು, ಮುಳ್ಳು ಮಾತ್ರ ಕದಲಲಿಲ್ಲ. ಹುಡುಗಿ ಹೆದರಿ ನಿಂತುಬಿಟ್ಟಿದ್ದಾಳೆ, ಕುಣಿಯುತ್ತಲೇ ಇಲ್ಲ! ಮಂಡಿನೋವನ್ನೂ ಮರೆತು ಆ ಮೆಟ್ಟಿಲು ಹತ್ತಿದೆ.

ಬಾಗಿಲಲ್ಲಿ ನಿಂತು ನೋಡಿದರೆ ಬಿಂದು ಗಾಳಿಯಲ್ಲಿದ್ದಳು. ತುಂಬಿದ ಮೊರ ಹಿಡಿದವಳ ಹಾಗೆ ಕೈ ಕೆಳಗೆ ದುಂಡಗಿತ್ತು, ಮುಖದಲ್ಲಿ ಸಣ್ಣ ನಗೆ. ನನ್ನಿಂದ ಹತ್ತು ಅಡಿ ದೂರದಲ್ಲಿ ಇಳಿದಳು, ನನಗೆ ಏನೂ ಕೇಳಿಸಲಿಲ್ಲ. ಮತ್ತೆ ಜಿಗಿದಳು. ಎಂಟನೆಯದು ಬಂತು, ಬೆರಳ ಸಂದಿಯಿಂದ ಜಾರಿದ ಹಾಗೆ ಬಂತು. ಕಣ್ಣು ತುಂಬಿತು. ಅರವತ್ತೆರಡು ವರ್ಷದವನಿಗೆ ಅದರಲ್ಲಿ ನಾಚಿಕೆಯೇನು? ಮೇಡಂ ಕಣ್ಣಲ್ಲೇ ಗದರಿಸಿದರು, ಕೆಳಗಿಳಿದು ಬಂದೆ.

ಬೋರಪ್ಪ ತಕ್ಕಡಿ ನೋಡುತ್ತಾ ಕೂತಿದ್ದ. "ಇಷ್ಟೊತ್ತು ಸುಮ್ಕಿತ್ತು, ಈಗ್ಯಾಕೆ ಯಜಮಾನ್ರೆ ಹಿಂಗೆ ಅಲ್ಲಾಡ್ತೈತೆ?"

"ನಾನು ಹತ್ತಿ ಇಳಿದೆ ಕಣಪ್ಪ" ಅಂದೆ.

ಬಿಂದು ಪಾಸಾದಳು.

ಮುಂದಿನ ಸೋಮವಾರ ಸಂಜೆ ಮೇಲೆ ಹೊಸ ಮಕ್ಕಳ ಧಡಧಡ ಶುರುವಾಯಿತು, ತಲೆ ತುಂಬ ಧೂಳು. ಕೋಲಿಗೆ ಕೈ ಹಾಕುವಷ್ಟರಲ್ಲಿ ಸದ್ದು ನಿಂತಿತು. ಬಿಂದು ಹನ್ನೆರಡು ಪುಟ್ಟ ಹುಡುಗಿಯರನ್ನು ಮೆಟ್ಟಿಲಿಳಿಸಿಕೊಂಡು ಬಂದು ನನ್ನ ಮುಂದೆ ಸಾಲಾಗಿ ನಿಲ್ಲಿಸಿದಳು.

"ತಾತ, ಇವ್ರ ಕೈಲೂ ಒಂದೊಂದು ಕೆಜಿ ತೂಗ್ಸಿ" ಅಂದಳು.

ನಾನು ಕೋಲು ಮೂಲೆಗಿಟ್ಟು ತಕ್ಕಡಿಗೆ ಬಟ್ಟು ಹಾಕಿದೆ.