ತಾನೇ ಭೋರ್ಗರೆವ ಟಾಕಿ

ಹನಿ ಹನಿ ಕೂಡಿದರೆ ಹಳ್ಳವಲ್ಲ, ಗದ್ದಲ. ಇದು ಖರೇ ಕಥೆ.

ಕಾಗವಾಡದ ನನ್ನಕ್ಕ ರುಕ್ಮವ್ವ ಜಡ್ಡಾಗಿ ಮಿರಜ ದವಾಖಾನೆ ಸೇರಿ ತಿಂಗಳಾಗಿತ್ತು. ಊರಲ್ಲಿ ನನ್ನ ಬಳಿ ಉಳಿದಿದ್ದ ಅವಳ ಪುಟ್ಟ ಮಗಳು ತಾರವ್ವ ಅವ್ವನ ಸೀರೆ ಹೊದ್ದೇ ಮಲಗುತ್ತಿದ್ದಳು. ಆದರೆ ಮಿರಜಿಗೆ ಇನ್ನೊಮ್ಮೆ ಬರಲೊಲ್ಲಳು. ಅಲ್ಲಿನ ಸಂಡಾಸದ ಗೋಡೆಗಿದ್ದ ನೀರಿನ ಟಾಕಿ ಹನಿ ಹನಿಯಾಗಿ ತುಂಬಿದೊಡನೆ, ಯಾರೂ ಮುಟ್ಟದೆ, ತಾನೇ ಭೋರ್ಗರೆದು ನೀರು ಸುರಿಯುತ್ತಿತ್ತು.

“ಮಾಮಾ, ಅದು ನನ್ನ ನುಂಗತೈತಿ.”

“ಹುಚ್ಚಿ, ಹೊಟ್ಟಿ ತುಂಬಿದ್ರ ನಮ್ಮ ಎಮ್ಮಿ ಉಚ್ಚಿ ಹೊಯ್ಯೂದಿಲ್ಲೇನ? ಅದೂ ಹಂಗ,” ಎಂದು ನಾನು ಟಾಕಿಯ ದನಿ ತೆಗೆದೆ: “ಗುಳುಗುಳು… ಭೊರ್ರ್!” ಸಂಜೆಯೊಳಗೆ ಅವಳು ನನ್ನನ್ನೇ ಮೀರಿಸಿದಳು.

ರವಿವಾರ ಮಿರಜಿನಲ್ಲಿ ಟಾಕಿ ಗುಳುಗುಟ್ಟಿದಾಗ “ಹೂಂ, ಬಿಡಲೇ!” ಎಂದು ಗದರಿಸಿದಳು. ಅದು ನೀರು ಬಿಟ್ಟಿತು.

ಅಲ್ಲಿಂದ ಓಡಿದವಳೇ, ಕಣ್ಮುಚ್ಚಿ ಮಲಗಿದ್ದ ಅವ್ವನ ಕಿವಿಯಲ್ಲಿ “ಭೊರ್ರ್!” ಎಂದಳು. ಬೆಚ್ಚಿಬಿದ್ದ ಅಕ್ಕ ಮಗಳನ್ನು ಬಿಗಿದಪ್ಪಿ, ನಮ್ಮೆಲ್ಲರಿಗಿಂತ ಜೋರಾಗಿ ನಕ್ಕಳು.