ಮಡಿಯಲ್ಲಿದ್ದವನು

ನನ್ನ ತಮ್ಮ ರಘುವೀರನಿಗೆ ಹದಿನೈದು ತುಂಬಿದ ವರ್ಷ, ಎರಡು ಸಾವಿರದ ಮೂರರಲ್ಲಿ, ನಮ್ಮ ಮನೆಯ ದೇವರ ಕೋಣೆ ನಾರತೊಡಗಿತು. ಊದಿನಕಡ್ಡಿ, ಗಂಧ, ತುಳಸಿಯ ನಡುವೆ ಪೇಂಟಿನಂಥ ವಾಸನೆ. ಮೂಗಿಗೆ ತಾಗಿದರೆ ಸಾಕು, ಉಂಡದ್ದು ಮೇಲೆ ಬರುತ್ತಿತ್ತು.

ಅಪ್ಪ ಪಾಂಡುರಂಗರಾಯರು ಚಿತ್ತಾಪುರದಲ್ಲಿ ಮಾಸ್ತರರು. ನಾವಿದ್ದ ವಾಡಿಯಿಂದ ಬೆಳಗಿನ ರೈಲು ಹಿಡಿಯಬೇಕು. ಹಾಗಾಗಿ ಮನೆದೇವರ ಪೂಜೆ ಮುಂಜಿಯಾದ ಮಗನ ಪಾಲಿಗೆ ಬಂದಿತ್ತು. ರಘು ಸ್ನಾನ ಮಾಡಿ, ಮಡಿಯ ರೇಷ್ಮೆ ಮಗುಟ ಉಟ್ಟು ಒಳಗೆ ಕೂತನೆಂದರೆ ಯಾರೂ ಅವನನ್ನು ಮುಟ್ಟುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ. ಅರೆಗಣ್ಣು ಮುಚ್ಚಿ, ತೂಗುತ್ತಾ ಒಂದು ತಾಸು ಕೂತೇ ಇರುತ್ತಿದ್ದ.

"ನಮ್ಮ ರಘೂಗ ಎಂಥಾ ಧ್ಯಾನ ನೋಡ್ರಿ," ಎಂದು ಅವ್ವ ಶಾರದಾಬಾಯಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ಧ್ಯಾನವನ್ನು ನಾನು ಒಂದು ದಿನ ಕಿಟಕಿಯಿಂದ ಕಂಡೆ. ಬರೆದದ್ದನ್ನು ಅಳಿಸುವ ವೈಟ್ನರ್ ಜೊತೆ ಬರುವ ತಿನ್ನರ್ ಬಾಟಲಿಯನ್ನು ಮಗುಟದ ಚುಂಗಿಗೆ ಸುರಿದುಕೊಂಡು ಮೂಗಿಗೆ ಒತ್ತಿಕೊಂಡಿದ್ದ. ಬಾಯಿಯ ಸುತ್ತ ಹುಣ್ಣು, ಗದ್ದಕ್ಕಿಳಿದ ಜೊಲ್ಲು. ಅದೇ ಕೈಯಿಂದ ತೀರ್ಥ ಕೊಡುತ್ತಿದ್ದ, ನಾವು ಭಕ್ತಿಯಿಂದ ಕುಡಿಯುತ್ತಿದ್ದೆವು. ಥೂ!

"ಬಿಡ್ತೀಯೋ, ಅಪ್ಪಗ ಹೇಳ್ಲೋ?" ಎಂದೆ.

"ಬಿಡಾಕ ಆಗವಲ್ದು ಅಕ್ಕಾ. ಒಂದಿನ ಬಿಟ್ರ ಭಾಳ ಚಡಪಡಿಸ್ತೀನಿ," ಎಂದು ಅತ್ತ.

ತುಳಸಿಕಟ್ಟೆಯ ಹಿಂದೆ ಅವನು ಬಚ್ಚಿಟ್ಟಿದ್ದ ಖಾಲಿ ಬಾಟಲಿಗಳನ್ನು ಆರಿಸಿ ತಂದು ಅವ್ವನ ಮುಂದಿಟ್ಟೆ.

"ಸಾಲಿಗೆ ತಂದಿರ್ತಾನ. ಮಡ್ಯಾಗ ಕೂತ ಹುಡುಗನ ಮ್ಯಾಲ ಇಂಥಾ ಮಾತಾಡ್ತೀ? ನಾಲಿಗಿ ಬಿದ್ದುಹೋದೀತು. ಅಪ್ಪಗ ಹೇಳಿ ಮನಿ ಮರ್ಯಾದಿ ಕಳೀಬ್ಯಾಡ," ಎಂದಳು.

ಹದಿನೇಳರ ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಹೇಸಿಗೆಯಿದೆ.

ಮರುವಾರ ಒಂದು ದಿನ ನಾನು ಮುಟ್ಟಾಗಿ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆ. ಅವ್ವ ಕಾಯಿಪಲ್ಲೆ ತಂದು ಆಗಷ್ಟೇ ಒಳಗೆ ಬಂದಿದ್ದಳು, ಇನ್ನೂ ಸ್ನಾನ ಆಗಿರಲಿಲ್ಲ. ದೇವರ ಕೋಣೆಯಲ್ಲಿ ಆರತಿ ತಟ್ಟೆ ಬಿದ್ದ ಸದ್ದಾಯಿತು. ರಘು ಪರ್ಸಿಕಲ್ಲಿನ ನೆಲದ ಮೇಲೆ ಅಂಗಾತ ಬಿದ್ದಿದ್ದ. ಬಾಯಿ ತುಂಬ ವಾಂತಿ, ತುಟಿ ನೀಲಿಗಟ್ಟಿತ್ತು.

ಅವ್ವ ಓಡಿದಳು. ಓಡಿದವಳು ಹೊಸ್ತಿಲಲ್ಲಿ ನಿಂತುಬಿಟ್ಟಳು.

"ರಘೂ, ಏಳೋ ನಮ್ಮಪ್ಪಾ!" ಎಂದು ಹೊರಗಿನಿಂದಲೇ ಕೂಗಿದಳು. ನಾನು ಎದ್ದು ಬರುವುದನ್ನು ಕಂಡು, "ಪ್ರಮಿತಾ, ಮುಟ್ಟಬ್ಯಾಡ! ಅಂವ ಮಡ್ಯಾಗ ಇದ್ದಾನ!" ಎಂದು ಚೀರಿದಳು.

ನಾನು ಅವಳನ್ನು ಸರಿಸಿ ಒಳನುಗ್ಗಿದೆ. ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಬೆರಳು ಹಾಕಿ ಆ ಹೊಲಸನ್ನು ಹೊರಗೆ ತೆಗೆದೆ. ಅಂಗಳಕ್ಕೆ ದರದರ ಎಳೆದು ತಂದು, ಎದುರುಮನೆಯ ನರ್ಸ್ ಕರುಣಾ ಅವರನ್ನು ಕೂಗಿದೆ. ಮೈಲಿಗೆಯೆಂದು ಅವ್ವ ಯಾವತ್ತೂ ಅವರನ್ನು ಮನೆ ಮುಂದಿನ ಕಟ್ಟೆಯಿಂದ ಈಚೆಗೆ ಕರೆದವಳಲ್ಲ. ಅವರು ಓಡಿ ಬಂದು ಅವನ ಉಸಿರು ನೋಡಿದರು, ಆಟೋ ತರಿಸಿದರು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಬಂದರು.

ಸಂಜೆ ಅಪ್ಪ ರೈಲಿಳಿದಾಗಲೇ ಸುದ್ದಿ ತಿಳಿದು ನೆಟ್ಟಗೆ ಆಸ್ಪತ್ರೆಗೆ ಬಂದರು. ಅವರಿಗೆ ಅವ್ವ ಹೇಳಿದ ಮೊದಲ ಮಾತು:

"ಹೊರಗ ಕೂತಾಕಿ ದೇವರ ಮನ್ಯಾಗ ಹೊಕ್ಕಾಳ್ರಿ."

ಮಗ ಬದುಕಿದ್ದು ಎರಡನೆಯ ಮಾತಿಗೆ ಉಳಿಯಿತು. ಅಪ್ಪ ಅವನ ಬಾಯಿಯ ಹುಣ್ಣುಗಳನ್ನೇ ನೋಡುತ್ತಾ ನಿಂತರು. ಮೂರು ತಿಂಗಳಿಂದ ಅದೇ ಬಾಯಿ ಅವರ ಎದುರಿಗೆ ಕೂತು ಊಟ ಮಾಡಿತ್ತು.

ಇಬ್ಬರೂ ಡಾಕ್ಟರರನ್ನು ಕಾಣಲು ಹೋದಾಗ ರಘು ಕಣ್ಣು ತೆರೆದ.

"ಅಕ್ಕಾ, ನನಗ ಇನ್ನ ಮಗುಟ ಉಡಸಬ್ಯಾಡ ಅಂತ ಅವ್ವಗ ಹೇಳು."

"ಯಾಕ?"

"ಅದನ್ನ ಉಟ್ರ ಯಾರೂ ಮುಟ್ಟಂಗಿಲ್ಲ."

ಅವನ ಕೈಗೆ ಆ ವಾಸನೆ ಇನ್ನೂ ಅಂಟಿಕೊಂಡಿತ್ತು. ನನಗೆ ಓಕರಿಕೆ ಬಂತು. ಹಿಡಿದ ಕೈ ಮಾತ್ರ ಬಿಡಲಿಲ್ಲ.