ಮಾತಾಡಿಸಲು ಬಂದವರು

ಗದಿಗೆವ್ವನಿಗೆ ಎದೆಯ ಬೇನೆಗಿಂತ ಅದನ್ನು ನೋಡಲು ಬರುವವರ ಮೇಲೆ ಹೇಸಿಕೆ ಹೆಚ್ಚಾಗಿತ್ತು.

ಬೆಟಗೇರಿಯಲ್ಲಿ ಯಾರಾದರೂ ದವಾಖಾನೆಗೆ ಹೋಗಿ ಬಂದರೆ ಓಣಿಯವರೆಲ್ಲ ಮಾತಾಡಿಸಲು ಬರಲೇಬೇಕು. ಬರಿಗೈಲಿ ಬರುವ ಹಾಗಿಲ್ಲ. ಹೀಗಾಗಿ ಅವಳ ಮಂಚದ ಪಕ್ಕದಲ್ಲಿ ಬಾಳೆಹಣ್ಣು ಕಪ್ಪಾಗಿ, ರಸ ಸೋರಿ, ನೊಣ ಮುತ್ತುತ್ತಿದ್ದವು. ಬಂದವರು ಧೂಳುಗಾಲಲ್ಲೇ ಅವಳ ಮಡಿ ಹಾಸಿಗೆಯ ಮೇಲೆ ಕೂರುವರು. ಕೂತು, ಬೆವೆತ ಕೈಯಿಂದ ಅವಳ ಕೈ ಹಿಡಿದು, ಸತ್ತವರ ಕಥೆ ಹೇಳುವರು.

"ನಮ್ಮ ಕುರ್ತಕೋಟಿ ಮಾವಗೂ ಹಿಂಗ ಎದಿ ಹೊಡ್ಕೊತಿತ್ತವಾ. ರೊಟ್ಟಿ ಮುರದು ಬಾಯಾಗ ಇಟ್ಗೊಂಡಿದ್ದ. ತುತ್ತು ಬಾಯಾಗ ಇತ್ತು, ಜೀವ ಇರಲಿಲ್ಲ" ಎಂದ ಪಕ್ಕದ ಮನೆಯ ಪುಂಡಲೀಕಪ್ಪ. ಹೇಳಿದ ಬಾಯಿಂದಲೇ ತಟ್ಟೆಯ ಚುರುಮರಿ ಮುಕ್ಕಿದ. ಅವನ ಮೀಸೆಗೆ ಅಂಟಿದ ಪುಟಾಣಿ ಕಾಳನ್ನು ನೋಡಿ ಗದಿಗೆವ್ವ ಗೋಡೆಯ ಕಡೆ ಹೊರಳಿದಳು.

ಅವಳ ತವರಿನಲ್ಲಿ ಮಗ್ಗಗಳಿದ್ದವು. ಎಳೆಗೆ ಸಿಕ್ಕ ಲಾಳಿ ಹೇಗೆ ಓಡುತ್ತದೆಂದು ಅವಳಿಗೆ ಗೊತ್ತಿತ್ತು. ಈಗ ಎದೆಯೊಳಗೆ ಹಾಗೆಯೇ ಆಗುತ್ತಿತ್ತು. ಒಂದೆರಡು ಸಲ ನೆಟ್ಟಗೆ, ಆಮೇಲೆ ತಡವರಿಸಿ, ಮತ್ತೆ ಒಮ್ಮೆಲೇ ದಡದಡ. ಹೃದಯದ ಮೇಲ್ಭಾಗದ ಖೋಲಿಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತವೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ, ಅದಕ್ಕೇ ರಕ್ತ ತೆಳುವಾಗಿಡುವ ಈ ಗುಳಿಗೆ, ಎಂದೂ ಬಿಡಬೇಡಿ ಎಂದು ಡಾಕ್ಟರು ತಿಳಿಸಿದ್ದರು. ಅವಳಿಗೆ ಬೇಕಾಗಿದ್ದ ಮಾತು ಬೇರೆ. ಇದನ್ನು ಇಟ್ಟುಕೊಂಡು ಬಾಳಿದವರು ಯಾರಾದರೂ ಇದ್ದಾರೆಯೆ? ಅವರು ಮಲಗುವುದು ಹೇಗೆ? ಬಡಿದುಕೊಂಡಾಗ ಏನು ಮಾಡುತ್ತಾರೆ? ಬಂದವರನ್ನೆಲ್ಲ ಕೇಳಿದಳು. ಸತ್ತವರ ಪತ್ತೆ ಎಲ್ಲರ ಹತ್ತಿರ ಇತ್ತು. ಬದುಕಿದವರ ಪತ್ತೆ ಒಬ್ಬರ ಹತ್ತಿರವೂ ಇರಲಿಲ್ಲ.

ಅಷ್ಟರಲ್ಲಿ ಸೊರಟೂರಿನಿಂದ ನಾದಿನಿ ಮುದುಕವ್ವ ಬಂದಳು. ಬಂದವಳೇ ಗದಿಗೆವ್ವನ ಹೊಟ್ಟೆಗೆ ಕೈಹಾಕಿದಳು.

"ಎದಿ ಅಲ್ಲ ವೈನಿ, ಇದು ಬಟ್ಟಿ. ಬಟ್ಟಿ ಸರದು ಮ್ಯಾಲ ಏರೇತಿ, ಅದಕ್ಕ ಅಲ್ಲಿ ಹೊಡ್ಕೊಳ್ಳಾಕತ್ತೈತಿ. ಡಾಕ್ಟರಗೋಳಿಗೆ ಬಟ್ಟಿ ತಿಳೀತೈತೇನು?"

ಹೊಕ್ಕುಳಿನ ಹತ್ತಿರ ಮಿಡಿಯುವ ನಾಡಿಗೆ ಈ ಕಡೆ ಬಟ್ಟಿ ಎನ್ನುತ್ತಾರೆ. ಭಾರ ಎತ್ತಿದರೆ ಅದು ಜಾಗ ಬಿಡುತ್ತದೆ, ಎಣ್ಣೆ ಹಚ್ಚಿ ತಿಕ್ಕಿ ಮತ್ತೆ ಕೂರಿಸಬೇಕು ಎಂದು ನಂಬಿಕೆ. ಸೊರಟೂರಿನಲ್ಲಿ ಮುದುಕವ್ವನ ಹೆಬ್ಬೆರಳಿಗೆ ದೊಡ್ಡ ಹೆಸರು. ಗದಿಗೆವ್ವ ಒಲ್ಲೆ ಎನ್ನಲಾರದೆ ಮಲಗಿದಳು. ಔಡಲೆಣ್ಣೆ ಎಂದಿನದೋ, ಕಮಟು ನಾತ. ಎಮ್ಮೆ ಕಟ್ಟಿ ಬಂದ ಕೈ. ಉಗುರಿನಲ್ಲಿ ಸಗಣಿ ಹಸಿರಾಗಿಯೇ ಇತ್ತು. ಆ ಹೆಬ್ಬೆರಳು ಕರುಳು ಹುಡುಕುವಂತೆ ಒಳಗೆ ಇಳಿಯಿತು.

ಮರುದಿನ ಹೊಟ್ಟೆಯ ಮೇಲೆ ನೇರಳೆ ಮಚ್ಚೆ ಎದ್ದಿತು. ಆಮೇಲೆ ಅದು ಕೊಳೆತ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಹರಡಿತು. ಮುದುಕವ್ವ ಗೆದ್ದವಳಂತೆ ನೋಡಿದಳು.

"ಕಂಡೇನು? ಆ ಗುಳಿಗಿ ನಂಜು ಹೊರಗ ಬಂತು. ಮೊದಲ ಅದನ್ನ ಬಿಡ್ರಿ."

ತನ್ನ ಮೈಯೇ ತನಗೆ ಓಕರಿಕೆ ತರುವ ಹಾಗಾಯಿತು ಗದಿಗೆವ್ವನಿಗೆ. ಸೊಸೆ ಶಿವರಂಜನಿ ಸಂಜೆ ಗುಳಿಗೆ ಕೊಟ್ಟು ಅತ್ತ ಹೋದದ್ದೇ ತಡ, ನಾಲಿಗೆಯಡಿ ಇಟ್ಟುಕೊಂಡದ್ದನ್ನು ಬಚ್ಚಲಿಗೆ ಉಗುಳತೊಡಗಿದಳು. ಪಾಚಿಗಟ್ಟಿದ ಕಲ್ಲಿನ ಮೇಲೆ ಅದು ಎಂಜಲಿನೊಂದಿಗೆ ಕರಗುವುದನ್ನು ನೋಡಿ, ಮೇಲೆ ಒಂದು ಚೊಂಬು ನೀರು ಸುರಿಯುವಳು.

ರಕ್ತ ತಪಾಸಣೆಯ ದಿನ ಶಿವರಂಜನಿ ಅವಳನ್ನು ಗದಗಿನ ದವಾಖಾನೆಗೆ ಕರೆದೊಯ್ದು, ಒಂದು ಉದ್ದ ಮರದ ಬಾಕಿನ ಮೇಲೆ ಕೂರಿಸಿ ಚೀಟಿ ಮಾಡಿಸಲು ಹೋದಳು. ಆ ಬಾಕಿನ ಮೇಲೆ ಆಗಲೇ ಒಬ್ಬಳು ಕೂತಿದ್ದಳು. ಸೀರೆಯ ಅಂಚಿಗೆ ಮೀನಿನ ಹುರುಪೆ ಅಂಟಿತ್ತು. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು; ಸೆರಗಿನಿಂದ ಒರೆಸಿಕೊಳ್ಳುವಳು, ಅದು ಮತ್ತೆ ಇಳಿಯುವುದು. ಮೀನು ಮನೆಯ ಹತ್ತಿರವೂ ಸುಳಿಯದ ಮನೆತನ ಗದಿಗೆವ್ವನದು. ಸೆರಗಿನಿಂದ ಮೂಗು ಮುಚ್ಚಿ ಬಾಕಿನ ತುದಿಗೆ ಸರಿದಳು.

"ಯಾಕವಾ, ನಾರತೈತೇನು?" ಎಂದಳು ಆ ಹೆಂಗಸು.

"ಹೂಂ" ಎಂದಳು ಗದಿಗೆವ್ವ. ಸುಳ್ಳು ಹೇಳುವಷ್ಟು ಉಸಿರು ಹಿಡಿಯಲಾಗಲಿಲ್ಲ.

"ನಾರಬೇಕ. ನಸಕಿನ್ಯಾಗ ಮುಂಡರಗಿ ಸಂತಿಗೆ ಮೀನ ಹಾಕಿ ಬಂದೀನಿ. ಮಲ್ಲಿಗಿ ವಾಸನಿ ಎಲ್ಲಿಂದ ತರಲಿ?"

ಸರದಿ ಬಂದು ಒಳಗೆ ಹೋದಾಗ ಲ್ಯಾಬಿನ ಸುಭಾಷ ಅವಳ ರಕ್ತ ತೆಗೆದ. ಬಹಳ ವರ್ಷದಿಂದ ಅಲ್ಲಿದ್ದವನು. ಗದಿಗೆವ್ವ ಮೆಲ್ಲಗೆ ಕೇಳಿದಳು, "ಸರ, ನನ್ನಂಥಾ ಎದಿ ಇದ್ದವರು ಇಲ್ಲಿ ಯಾರರ ಬರತಾರೇನ್ರಿ? ಬದುಕಿದವರು?"

"ನಿಮ್ಮ ಮಗ್ಗಲದಾಗ ಕುಂತಿದ್ದಳಲ್ರಿ, ಸಿಂಗಟಾಲೂರ ಕರಿಯವ್ವ! ಅದ ಎದಿ, ಅದ ಗುಳಿಗಿ. ನಾ ಇಲ್ಲಿ ಸೇರೂಕಿಂತ ಮುಂಚಿನಿಂದ ಬರತಾಳ."

ಕೊಡುವ ದೇವರು ಇಂಥವಳನ್ನೇ ಕೊಡಬೇಕೆ ಎಂದು ಗದಿಗೆವ್ವ ಮುಖ ಕಿವಿಚಿದಳು. ಆದರೂ ಹೊರಗೆ ಬಂದು ಅದೇ ಬಾಕಿನ ಮೇಲೆ ಕೂತಳು. ಮೂಗು ಬಿಡಲಿಲ್ಲ, ಬಾಯಿ ಬಿಟ್ಟಳು.

"ಎದಿ ಹೊಡ್ಕೊಂಡಾಗ ಏನ್ ಮಾಡ್ತಿಯವಾ?"

"ಬೈತೀನಿ." ಕರಿಯವ್ವ ನಕ್ಕಳು. "ಬೈದು ಕುಂಡ್ರತೀನಿ. ಸುಮ್ಮನಾದ್ರ ಆತು. ಕಣ್ಣಿಗೆ ಕತ್ತಲಿ ಬಂದ್ರ, ಎದಿ ನೊಂದ್ರ, ಜಲ್ದಿ ದವಾಖಾನಿ."

"ಮಲಗೂದು?"

"ಎಡಮಗ್ಗಲ ಮಲಗಿದ್ರ ದಿಂಬಿನ್ಯಾಗ ಕುಣಿತೈತಿ, ಕಿವಿಯಾಗ ಕೇಳಸ್ತೈತಿ. ಬಲಕ್ಕ ಹೊಳ್ಳತೀನಿ."

"ದಿಂಬಿನ್ಯಾಗ!" ಗದಿಗೆವ್ವನ ಕೈಯಿಂದ ಸೆರಗು ಜಾರಿತು. ದಿಂಬಿನೊಳಗಿನ ಆ ಬಡಿತವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹುಚ್ಚು ಹಿಡಿದಿದೆ ಎಂದಾರೆಂಬ ಅಂಜಿಕೆ. ಈಗ ಒಂದೇ ಸವನೆ ಎಲ್ಲವೂ ಹೊರಬಂತು: ಮಾತಾಡಿಸಲು ಬಂದವರು, ಬಟ್ಟಿ, ಹೊಟ್ಟೆಯ ಮೇಲಿನ ಕಪ್ಪು, ನಂಜು.

"ನಂಜಲ್ಲ ಹುಚ್ಚಿ! ರಕ್ತ ತೆಳ್ಳಗಿದ್ದಾಗ ಒತ್ತಿದ್ರ ಒಳಗ ಒಡಿತೈತಿ. ಅದು ಗುಳಿಗಿದಲ್ಲ, ಹೆಬ್ಬೆಟ್ಟಿಂದು. ಡಾಕ್ಟರಿಗೆ ತೋರಸು. ಗುಳಿಗಿ ನುಂಗಾಕತ್ತೀಯೋ ಇಲ್ಲೋ?"

ಗದಿಗೆವ್ವ ನೆಲ ನೋಡಿದಳು. "ಬಚ್ಚಲಕ್ಕ ಉಗುಳತೀನಿ."

ಕರಿಯವ್ವ ಬೈಯಲಿಲ್ಲ. ಜೊಲ್ಲು ಒರೆಸಿಕೊಂಡ ಸೆರಗನ್ನು ಅವಳ ಮುಂದೆ ಹಿಡಿದಳು. ತೊಯ್ದು ಲೋಳೆಯಾಗಿತ್ತು.

"ಇದನ್ನ ನೋಡಿ ಹೇಸಿ ಸರದಿದ್ದಿಯಲ್ಲಾ? ನನಗೂ ತಿಕ್ಕಿದ್ರು ಬಟ್ಟಿ. ನಾನೂ ಗುಳಿಗಿ ಹೊಳಿಗೆ ಒಗದೆ. ಒಂದು ಮುಂಜಾನಿ ಎದ್ದು ಚಾ ಕುಡದ್ರ ಅರ್ಧ ಚಾ ಕುಬಸದ ಮ್ಯಾಲ. ಬಾಯಿ ಸೊಟ್ಟ, ಕೈ ಬಿದ್ದಿತ್ತು. ಕೈ ಹೊಳ್ಳಿ ಬಂತು. ಜೊಲ್ಲು ನಿಲ್ಲಲಿಲ್ಲ."

ಗದಿಗೆವ್ವ ಆ ಸೆರಗನ್ನೇ ನೋಡಿದಳು. ಹೇಸಿಕೆ ಹೋಗಲಿಲ್ಲ, ಅದು ಅಲ್ಲಿಂದ ಎದ್ದು ಬಂದು ತನ್ನ ಬಚ್ಚಲ ಕಲ್ಲಿನ ಮೇಲೆ ಕೂತಿತು.

ಡಾಕ್ಟರಿಗೆ ಹೊಟ್ಟೆ ತೋರಿಸಿದಳು, ಉಗುಳಿದ್ದನ್ನೂ ಹೇಳಿದಳು. ಅವರು ರಕ್ತದ ವರದಿ ನೋಡಿ ಬೈದು, ಅಂದಿನಿಂದಲೇ ಗುಳಿಗೆ ಮತ್ತೆ ಶುರುಮಾಡಿಸಿದರು. ಹೊಟ್ಟೆಗೆ ಯಾರೂ ಕೈಹಚ್ಚಬಾರದು ಎಂದರು. ಶಿವರಂಜನಿ ತುಟಿ ಬಿಗಿಹಿಡಿದು ಕರಿಯವ್ವನ ನಂಬರನ್ನು ತನ್ನ ಫೋನಿನಲ್ಲಿ ಹಾಕಿಕೊಂಡಳು.

ಮನೆಗೆ ಬಂದರೆ ಮುದುಕವ್ವ ಎಣ್ಣೆ ಬಿಸಿ ಮಾಡಿಕೊಂಡು ಕೂತಿದ್ದಳು. ಪುಂಡಲೀಕಪ್ಪ ಇನ್ನೊಬ್ಬ ಸತ್ತವನ ಖಬರು ತಂದಿದ್ದ. ಗದಿಗೆವ್ವ ದವಾಖಾನೆಯಲ್ಲಿ ಸಿಕ್ಕ ಮೀನಿನವಳ ಸುದ್ದಿ ಹೇಳಿ, ಸೊಸೆಯಿಂದ ಅವಳಿಗೇ ಫೋನು ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಮಂಚದ ಮೇಲೆ ಇಡಿಸಿದಳು.

"ಯಾರಾಕಿ ಬಟ್ಟಿ ತಿಕ್ಕಾಕಿ?" ಕರಿಯವ್ವನ ದನಿ ಗುಡುಗಿತು. "ಏ ತಂಗಿ, ಸಿಂಗಟಾಲೂರಿಗೆ ಬಾ. ನನ್ನ ಬಾಯಿ ಸೊಟ್ಟ ಆಗೇತಿ, ತಿಕ್ಕಿ ನೆಟ್ಟಗ ಮಾಡು. ಮಾಡಿದ್ರ ನಿನ್ನ ಕಾಲಿಗೆ ಬೀಳ್ತೀನಿ!"

ಮುದುಕವ್ವ ಎಣ್ಣೆಯ ಬಟ್ಟಲನ್ನು ಸೆರಗಿನಡಿ ಸರಿಸಿದಳು. "ಹೋಗಿ ಹೋಗಿ ಮೀನ ಮಾರಾಕಿ ಮಾತ ಕೇಳ್ತೀಯವಾ?" ಎಂದ ಪುಂಡಲೀಕಪ್ಪ.

"ಮೀಸಿ ಒರಸ್ಕೊ ಪುಂಡಲೀಕಪ್ಪಣ್ಣ. ಬದುಕಿದವರ ಸುದ್ದಿ ಇದ್ರ ಹೇಳು. ಇಲ್ಲಂದ್ರ ಈ ಕೊಳತ ಹಣ್ಣ ತಗೊಂಡು ನಡಿ."

ಹಾಗೆಂದು ಗದಿಗೆವ್ವ ಗುಳಿಗೆ ಬಾಯಿಗಿಟ್ಟಳು. ಮೀನಿನ ನಾತ ನೆನಪಾಯಿತು. ಕಣ್ಣುಮುಚ್ಚಿ ನೀರು ಕುಡಿದಳು.

"ನುಂಗಿದೇನು?" ಫೋನು ಕೇಳಿತು.

"ನುಂಗಿದೆ. ನಿನ್ನ ವಾಸನಿ ಇನ್ನೂ ಮೂಗಿನ್ಯಾಗ ಐತಿ."

"ಇರಲಿ. ಬಾಯಿ ತೆಗಿ. ಶಿವರಂಜನೀ, ನೋಡವಾ."

ಗದಿಗೆವ್ವ ಬಾಯಿ ಕಳೆದು ನಾಲಿಗೆ ಎತ್ತಿದಳು. ಶಿವರಂಜನಿ ಬಗ್ಗಿ, ಮುಖ ಕಿವಿಚಿಕೊಂಡು ನಾಲಿಗೆಯಡಿ ಇಣುಕಿದಳು.

"ಏನೂ ಇಲ್ರಿ ಕರಿಯವ್ವಾರ. ಖರೆನ ನುಂಗ್ಯಾರ."